ಊಟಕ್ಕೆ ಎಲ್ಲಿ ಹೋಗಲಿ ಎಂದು ಕೇಳಿದಾಗ

2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದ ಒಂದು ಕಾನ್ಫರೆನ್ಸ್ ಇತ್ತು. ಜಾಗ ನಮ್ಮ ಮಲ್ಲೇಶ್ವರಕ್ಕೆ ಹತ್ತಿರವೇ. ಸ್ಥಳೀಯ ಸಮಿತಿಯಲ್ಲಿ ನಾನೂ ಇದ್ದೆ. ಶನಿವಾರ ಸಂಜೆ ಕಾಫಿ ಬಿಡುವಿನಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗಿ ಹತ್ತಿರ ಬಂದಳು. ಪಿಎಚ್‌.ಡಿ. ಎರಡನೇ ವರ್ಷ. "ಮೇಡಂ, ನಾಳಿ ಮುಂಜಾನಿ ನನಗ ಟೈಮ್ ಅದರಿ. ಬೆಂಗಳೂರಿಗಿ ಇದೇ ಮೊದಲನೇ ಸಲ ಬಂದೀನಿ. ಇಲ್ಲಿಂದು ಏನರೆ ಛಲೋದು ತಿನಬೇಕಂದ್ರ ಎಲ್ಲಿ ಹೋಗ್ಬೇಕ್ರಿ?" ಎಂದು ಕೇಳಿದಳು. ನಾನು ನಿಂತಲ್ಲೇ ಐದು ಹೆಸರು ಹೇಳಿದೆ. ಬೆಂಗಳೂರಿನವರು ಯಾರನ್ನು ಕೇಳಿದರೂ ಹೇಳುವ ಅದೇ ಐದು ಹೆಸರು. ಅವಳು ಕಾರ್ಯಕ್ರಮದ ಪಟ್ಟಿಯ ಹಿಂಭಾಗದಲ್ಲಿ ಒಂದೊಂದನ್ನೂ ಬರೆದುಕೊಂಡಳು. ಒಂದರ ಹೆಸರನ್ನು ಎರಡು ಸಲ ಕೇಳಿ ಸರಿಮಾಡಿಕೊಂಡಳು. ನಾನು ಕಾಫಿ ಲೋಟ ಇಟ್ಟು ಮುಂದಿನ ಕೆಲಸಕ್ಕೆ ಹೋದೆ.

ಮರುದಿನ ಹನ್ನೊಂದೂವರೆಗೆ ಅವಳ ಪೋಸ್ಟರ್ ಇತ್ತು. ಅಂದರೆ ಸಂಶೋಧನೆಯ ದೊಡ್ಡ ಹಾಳೆಯನ್ನು ಬೋರ್ಡಿಗೆ ಹಚ್ಚಿ, ನೋಡಲು ಬಂದವರಿಗೆ ಪಕ್ಕದಲ್ಲಿ ನಿಂತು ವಿವರಿಸುವ ಸರದಿ. ಹನ್ನೆರಡಾದರೂ ಅವಳಿಲ್ಲ. ಪೋಸ್ಟರ್ ಮಾತ್ರ ಬೋರ್ಡಿನ ಮೇಲೆ ಇತ್ತು, ಮುಂದೆ ಯಾರೂ ಇರಲಿಲ್ಲ. ನೋಡಬೇಕಾದವರು ನೋಡದೆ ಮುಂದೆ ಹೋಗಿದ್ದರು. ಹನ್ನೆರಡೂ ಕಾಲಿಗೆ ಬೆವರು ಒರೆಸಿಕೊಳ್ಳುತ್ತಾ ಬಂದಳು. ಮೊದಲು ಹೋದ ಕಡೆ ಅವತ್ತು ವಾರದ ರಜೆ. ಅಲ್ಲಿಂದ ಆಟೋದಲ್ಲಿ ಇನ್ನೊಂದು ಹೋಟೆಲಿಗೆ ಹೋಗಿದ್ದಾಳೆ. ಭಾನುವಾರ ಅಲ್ವಾ, ಬಾಗಿಲಿನಿಂದ ರಸ್ತೆಯವರೆಗೆ ಜನ. ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದಿದ್ದಾಳೆ. ಕರೆ ಬರಲಿಲ್ಲ. ಗಡಿಯಾರ ನೋಡಿ ಗಾಬರಿಯಾಗಿ ಹೊರಟಿದ್ದಾಳೆ. ದಾರಿಯಲ್ಲಿ ಒಂದು ಬಿಸ್ಕತ್ ಪೊಟ್ಟಣ ತಿಂದದ್ದೇ ಅವತ್ತಿನ ತಿಂಡಿ. ನನ್ನ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. "ನೀವು ಹೇಳಿದ್ದು ಛಲೋ ಜಾಗಾನೇ ಅವರಿ ಮೇಡಂ. ನನ್ನ ನಸೀಬ್ ಇರಲಿಲ್ಲ" ಅಂದಳು.

ಆ ಮಾತು ಇವತ್ತಿಗೂ ಕೊರೆಯುತ್ತದೆ. ಅದು ನಸೀಬಿನ ಮಾತೇ ಅಲ್ಲ. ಎಲ್ಲಿಗೆ ಯಾವತ್ತು ರಜೆ ಅಂತ ನನಗೆ ಗೊತ್ತಿತ್ತು. ಭಾನುವಾರದ ಸಾಲು ಎಷ್ಟುದ್ದ ಇರುತ್ತದೆ ಅಂತಲೂ ಗೊತ್ತಿತ್ತು. ಅವಳ ಪೋಸ್ಟರಿನ ಸಮಯ ನನ್ನ ಕೈಯಲ್ಲೇ ಇದ್ದ ಪಟ್ಟಿಯಲ್ಲಿತ್ತು. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷವನ್ನು ನಾನು ಅವಳಿಗೆ ಕೊಡಲಿಲ್ಲ. ಕೊಡುವುದು ಹೇಗೆ ಅಂತ ಗೊತ್ತಿಲ್ಲದವಳೂ ನಾನಲ್ಲ. ಅದನ್ನು ಬಹಳ ಚೆನ್ನಾಗಿ ಬಲ್ಲವರೊಬ್ಬರು ಧಾರವಾಡದಲ್ಲಿ ನನಗೇ ಕೊಟ್ಟಿದ್ದರು.

ಧಾರವಾಡದ ಮೂರು ಪ್ರಶ್ನೆ

2018ರ ಜನವರಿ. ಧಾರವಾಡದಲ್ಲಿ ಮೂರು ದಿನದ ಕಾನ್ಫರೆನ್ಸ್. ಮೊದಲ ಎರಡು ದಿನ ಮಧ್ಯಾಹ್ನವೂ ರಾತ್ರಿಯೂ ಪೆಂಡಾಲಿನಲ್ಲೇ ಊಟ. ಪನ್ನೀರ್ ಮಸಾಲ, ಜೀರಾ ರೈಸ್, ತಣ್ಣಗಾದ ನಾನ್, ಮಿಕ್ಸೆಡ್ ವೆಜಿಟೆಬಲ್, ಕೊನೆಗೆ ಜಾಮೂನು. ಪುಣೆಯಲ್ಲಿ ತಿಂದದ್ದು ಇದೇ, ಕೊಯಮತ್ತೂರಿನಲ್ಲಿ ತಿಂದದ್ದೂ ಇದೇ. ಎರಡನೇ ದಿನ ರಾತ್ರಿ ಅನ್ನ ಅರ್ಧ ಉಳಿಸಿ ತಟ್ಟೆ ಇಡುತ್ತಿದ್ದೆ. ನೋಂದಣಿ ಮೇಜಿನ ಹತ್ತಿರ ಇರುತ್ತಿದ್ದ ಅಟೆಂಡರ್ ಒಬ್ಬರು ಅದನ್ನು ನೋಡಿದರು. ನಿವೃತ್ತಿಗೆ ಹತ್ತಿರವಾದ ವಯಸ್ಸು, ಬಿಳಿ ಟೋಪಿ. "ಅಕ್ಕಾರ, ಊಟ ಸೇರಲಿಲ್ಲೇನ್ರಿ?" ಅಂದರು. ಇಷ್ಟು ದೂರ ಬಂದು ಒಂದು ಬಿಸಿ ರೊಟ್ಟಿ ತಿನ್ನಲಿಲ್ಲ, ಇಲ್ಲಿ ಎಲ್ಲಿ ಸಿಗುತ್ತದೆ ಅಂತ ನಾನು ಕೇಳಿದೆ.

ಅವರು ಹೋಟೆಲಿನ ಹೆಸರು ಹೇಳಲಿಲ್ಲ. ತಿರುಗಿ ನನ್ನನ್ನೇ ಕೇಳಿದರು. "ನಾಳೆ ನಿಮಗ ಯಾವಾಗ ಬಿಡುವು ಸಿಗತೈತ್ರಿ?" ಒಂದೂ ಕಾಲಿಂದ ಒಂದು ಗಂಟೆ ಹೊತ್ತು ಅಂದೆ. "ಹಂಗಾದ್ರ ಹುಬ್ಬಳ್ಳಿ ಕಡೆ ಹೋಗೂದು ಬ್ಯಾಡ. ನಡಕೊಂತ ಹೋಗೂವಷ್ಟು ದೂರದಾಗ ಇರಬೇಕು." ಆಮೇಲೆ ಎರಡನೆಯದು. "ಖಾರ ತಡೀತೀರೇನ್ರಿ? ಸಾವಜಿ ಮಾಂಸದೂಟ ಅಂದ್ರ ಅದೊಂದು ಥರಾ, ಸಸ್ಯಾಹಾರದ ಖಾನಾವಳಿ ಅಂದ್ರ ಇದೊಂದು ಥರಾ." ನನಗೆ ರೊಟ್ಟಿ, ಮುಳಗಾಯಿ ಪಲ್ಯ ಸಾಕು ಅಂದೆ. ಮೂರನೆಯದು. "ಒಬ್ಬರ ಬರ್ತೀರೋ, ಜೋಡಿ ಯಾರರ ಅದಾರೋ?" ಒಬ್ಬಳೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಹಂಗಾದ್ರ ಹೆಣಮಕ್ಕಳು ನಡಸೂ ಖಾನಾವಳಿ ಒಂದೈತಿ, ಅಲ್ಲಿ ಹೋಗ್ರಿ. ಆದ್ರ ಒಂದೂವರಿ ಒಳಗ ಕೂತಬಿಡ್ರಿ. ತಡಾ ಆದ್ರ ಆರಿದ ರೊಟ್ಟಿ ಬರ್ತಾವ." ಒಂದು ಚೀಟಿಯಲ್ಲಿ ದಾರಿ ಬರೆದರು. ಎಡಕ್ಕೆ ಗಿರಣಿ, ಅದನ್ನು ದಾಟಿ ಬೇವಿನ ಮರ, ಮರದ ಎದುರು ಬಾಗಿಲು.

ಮರುದಿನ ಒಂದು ಇಪ್ಪತ್ತೈದಕ್ಕೆ ಆ ಬಾಗಿಲಲ್ಲಿದ್ದೆ. ಒಳಗೆ ಆರು ಮೇಜು, ಉದ್ದ ಬೆಂಚು. ಖಾಲಿ ಮೇಜು ಹುಡುಕುವ ಪದ್ಧತಿ ಇಲ್ಲ. ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಬೇಕು. ನನ್ನೆದುರು ಬೀಜದ ಅಂಗಡಿಯಲ್ಲಿ ಕೆಲಸ ಮಾಡುವವರೊಬ್ಬರು ಆಗಲೇ ಮೂರನೇ ರೊಟ್ಟಿಯಲ್ಲಿದ್ದರು. ಸ್ಟೀಲ್ ತಾಟು ಬಂತು. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಒಂದು ಹಿಡಿ ಹಸಿ ಮೆಂತ್ಯೆ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅನ್ನುವ ಚಟ್ನಿಪುಡಿಗಳು, ಗಟ್ಟಿ ಮೊಸರು. ನಾನು ಶೇಂಗಾ ಹಿಂಡಿಯನ್ನು ಒಣದಾಗೇ ರೊಟ್ಟಿಗೆ ಹಚ್ಚಿಕೊಂಡೆ. ಎದುರಿನವರು ತಮ್ಮ ಊಟ ನಿಲ್ಲಿಸಿ ಮೊಸರಿನ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಅದರಾಗ ಮೊಸರ ಕಲಿಸ್ಕೋರಿ. ಇಲ್ಲಂದ್ರ ಗಂಟಲಿಗೆ ಹಿಡೀತೈತಿ." ಹಾಗೇ ಮಾಡಿದೆ. ಆಮೇಲೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಇಬ್ಬರೂ ಉಂಡೆವು.

ನಾನು ಕೂತಿದ್ದ ಜಾಗದಿಂದ ಅಡುಗೆಮನೆ ನೇರ ಕಾಣುತ್ತಿತ್ತು. ಐವತ್ತು ದಾಟಿದ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕುದಿಯುವ ಎಸರು. ಜೋಳದ ಹಿಟ್ಟಿನ ಗುಡ್ಡೆಯಲ್ಲಿ ಗುಳಿ ಮಾಡಿ, ಅದರಲ್ಲಿ ಎಸರು ಸುರಿದು, ಮೊದಲು ಕಟ್ಟಿಗೆಯಿಂದ ಕಲಸಿ, ಆಮೇಲೆ ಕೈ ಹಾಕುತ್ತಿದ್ದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ, ಆ ಜಿಗುಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕೈಯಲ್ಲಿ ಆಗುವುದನ್ನು ನೋಡಿದ್ದು ಅವತ್ತು. ಒಂದು ಉಂಡೆ ಮುರಿದು, ಮಣೆಯ ಮೇಲೆ ಒಣ ಹಿಟ್ಟು ಉದುರಿಸಿ, ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಿದ್ದರು. ಬಡಿತಕ್ಕೆ ಒಂದು ಲಯ ಇತ್ತು. ಎರಡು ಬಡಿತಕ್ಕೆ ಒಂದು ತಿರುವು. ಅಂಚು ಬಿರುಕು ಬಿಟ್ಟರೆ ಎಡಗೈಯ ಅಂಚಿನಿಂದ ಒತ್ತಿ ಸರಿಮಾಡುವುದು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲಿನ ಹಿಟ್ಟನ್ನು ಒರೆಸಿ ತೆಗೆಯುತ್ತಿದ್ದರು. ನೀರು ಆರುತ್ತಲೇ ಮಗುಚಿ, ಕೊನೆಗೆ ಹಂಚಿನಿಂದ ಸರಿಸಿ ಬೆಂಕಿಗೆ ಆನಿಸಿದರೆ ಪುಗ್ಗೆಯ ಹಾಗೆ ಉಬ್ಬುತ್ತಿತ್ತು. ಉಬ್ಬಿದ್ದು ಇಳಿಯುವ ಮೊದಲೇ ಯಾರದೋ ತಾಟಿನಲ್ಲಿರುತ್ತಿತ್ತು. ಆರನೆಯದನ್ನು ಹಂಚಿನಿಂದ ಎತ್ತುವಾಗ ನನ್ನ ಕಡೆ ಒಮ್ಮೆ ನೋಡಿ, ಬಡಿಸುವ ಹುಡುಗನಿಗೆ "ಅಕ್ಕಾರಿಗೆ ಈ ತೆಳ್ಳಂದು ಕೊಡು" ಅಂದರು.

ಎರಡೂ ಕಾಲಿಗೆ ವಾಪಸ್ ಸಭಾಂಗಣದಲ್ಲಿದ್ದೆ. ಟೋಪಿಯ ಹಿರಿಯರು ಬಾಗಿಲಲ್ಲೇ ಇದ್ದರು. "ಬಿಸೀವ ಸಿಕ್ಕುವೇನ್ರಿ?" ಅಷ್ಟೇ ಕೇಳಿದ್ದು.

ಬಫೆಯ ತಟ್ಟೆಗೆ ಬಾರದ್ದು

ಬಫೆ ಊಟ ಎಲ್ಲ ಊರಲ್ಲೂ ಒಂದೇ ಥರ ಯಾಕಿರುತ್ತದೆ ಅಂತ ಆ ರೊಟ್ಟಿ ನೋಡಿದ ಮೇಲೆ ನನಗೆ ಅರ್ಥವಾಯಿತು. ಮುನ್ನೂರು ಜನಕ್ಕೆ ಮುಕ್ಕಾಲು ಗಂಟೆಯಲ್ಲಿ ಊಟ ಆಗಬೇಕು. ಕೆಳಗೆ ಸಣ್ಣ ಉರಿ ಇಟ್ಟು, ಮೇಲೆ ಮುಚ್ಚಳ ಹಾಕಿ, ಎರಡು ಗಂಟೆ ಇಟ್ಟರೂ ಕೆಡದೆ ಇರುವುದೇ ಆ ಪಾತ್ರೆಗಳಲ್ಲಿ ಬರುವುದು. ಪನ್ನೀರಿನ ಗ್ರೇವಿ ತಡೆಯುತ್ತದೆ. ಪಲಾವು ತಡೆಯುತ್ತದೆ. ಜಾಮೂನಂತೂ ಪಾಕದಲ್ಲೇ ಇರುತ್ತದೆ. ಬಿಸಿ ಜೋಳದ ರೊಟ್ಟಿ ಹತ್ತು ನಿಮಿಷಕ್ಕೆ ಬಿರುಸಾಗುತ್ತದೆ. ಮಸಾಲೆದೋಸೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ನೀರುದೋಸೆ ಒಂದಕ್ಕೊಂದು ಅಂಟುತ್ತದೆ. ಗಿರ್ಮಿಟ್ ಕಲಸಿಟ್ಟರೆ ಚುರುಮುರಿ ತೋಯ್ದು ಹೋಗುತ್ತದೆ. ಊರಿಗೆ ಹೆಸರು ತಂದ ತಿಂಡಿಗಳಲ್ಲಿ ಮುಕ್ಕಾಲು ಪಾಲು ಹೀಗೆ ಕಾಯಲಾರದವು. ಅದಕ್ಕೇ ಅವು ಬಫೆಗೆ ಬರುವುದಿಲ್ಲ. ಅಡುಗೆಯವರಿಗೆ ಬಾರದೆಂದಲ್ಲ. ಅದೇ ಅಡುಗೆಯವರು ಮದುವೆಮನೆಯಲ್ಲಿ ಐನೂರು ಜನರನ್ನು ಪಂಕ್ತಿಯಲ್ಲಿ ಕೂರಿಸಿ, ಬಾಳೆಲೆ ಹಾಕಿ, ಕೋಸಂಬರಿಯಿಂದ ಮಜ್ಜಿಗೆಯವರೆಗೆ, ಬಿಸಿಯದನ್ನು ಬಿಸಿಯಾಗಿಯೇ ಬಡಿಸುತ್ತಾರೆ. ಕಾನ್ಫರೆನ್ಸಿನಲ್ಲಿ ಒಂದು ಹೊತ್ತಾದರೂ ಹಾಗೆ ಮಾಡಬಹುದು. ಮಾಡಲೇಬೇಕು ಅಂತ ನಾನು ಪ್ರತಿ ಸಮಿತಿಯಲ್ಲೂ ಹೇಳುತ್ತೇನೆ. ಕೂತು ಉಂಡವರು ಪಕ್ಕದವರ ಹೆಸರು ಕೇಳುತ್ತಾರೆ. ತಟ್ಟೆ ಹಿಡಿದು ನಿಂತವರು ತಮಗೆ ಗೊತ್ತಿದ್ದವರನ್ನೇ ಹುಡುಕುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಲ್ಲು. ಸರ್ಕಾರಿ ಕಾಲೇಜಿನಿಂದ, ವಿಶ್ವವಿದ್ಯಾಲಯದಿಂದ ಬಂದವರಿಗೆ ಊಟದ ಖರ್ಚು ವಾಪಸ್ ಬರಬೇಕಾದರೆ ಎಷ್ಟೋ ಕಡೆ ಜಿಎಸ್‌ಟಿ ನಂಬರು ಇರುವ ಅಚ್ಚಾದ ಬಿಲ್ಲೇ ಬೇಕು. ಖಾನಾವಳಿಯಲ್ಲಿ ಕೊಡುವುದು ಕೈಬರಹದ ಚೀಟಿ, ಅದೂ ಕೇಳಿದರೆ. ಹಾಗಾಗಿ ತಂಗಿದ ಹೋಟೆಲಿನ ಊಟದ ಕೋಣೆಯಲ್ಲೇ ದುಬಾರಿ ಊಟ ಮಾಡಿ ಬಿಲ್ಲು ತೆಗೆದುಕೊಂಡು ಹೋಗುವವರು ಬಹಳ ಜನ. ಅವರನ್ನು ನಾನು ದೂರುವುದಿಲ್ಲ. ಅತಿಥಿ ಉಪನ್ಯಾಸಕರಿಗೆ, ಸ್ಕಾಲರ್‌ಶಿಪ್ ಆರು ತಿಂಗಳಿಗೊಮ್ಮೆ ಬರುವ ಹುಡುಗರಿಗೆ ಆ ನಾನ್ನೂರು ರೂಪಾಯಿ ಸಣ್ಣದಲ್ಲ. ದಿನಕ್ಕೆ ಇಷ್ಟು ಅಂತ ಒಂದು ಮೊತ್ತ ಕೊಟ್ಟು, ಎಲ್ಲಿ ಉಂಡೆ ಅಂತ ಕೇಳದೆ ಇದ್ದರೆ ಅವರೂ ಖಾನಾವಳಿಗೆ ಬಂದಾರು.

ಮತ್ತೆ ರಾತ್ರಿಯ ಮಾತು. ಹೊಸ ಊರಿನಲ್ಲಿ ಸಂಜೆ ಸಭೆ ಮುಗಿದ ಮೇಲೆ ಗಂಡಸರು ನಾಲ್ಕು ಜನ ಸೇರಿ "ನಡೀರಿ, ಎಲ್ಲಾದರೂ ಊಟ ಮಾಡೋಣ" ಅಂತ ಹೊರಡುತ್ತಾರೆ. ಒಬ್ಬಳೇ ಬಂದ ಹೆಂಗಸು ಕೋಣೆಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಾಳೆ. ವರ್ಷಗಟ್ಟಲೆ ನಾನೂ ಹಾಗೇ ಮಾಡಿದ್ದೇನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದ ಫ್ರೈಡ್ ರೈಸನ್ನು ಟಿ.ವಿ. ಮುಂದೆ ಕೂತು ಉಂಡು, ಮರುದಿನದ ಸ್ಲೈಡು ತಿದ್ದಿ ಮಲಗುವುದು. ಹೀಗೆ ಹೋದ ಎಷ್ಟೋ ಊರುಗಳು ನನಗೆ ಇವತ್ತಿಗೂ ಪರಿಚಯವಿಲ್ಲ. ಟೋಪಿಯ ಹಿರಿಯರ ಮೂರನೇ ಪ್ರಶ್ನೆಯ ಬೆಲೆ ಅದಕ್ಕೇ ನನಗೆ ಅಷ್ಟು ಚೆನ್ನಾಗಿ ಗೊತ್ತು. ಒಬ್ಬರೇ ಇದ್ದೀರಾ ಅಂತ ಅವರು ಕೇಳಿದ್ದು ಕುತೂಹಲಕ್ಕಲ್ಲ. ನಾನು ನಿರಾಳವಾಗಿ ಕೂತು ಉಣ್ಣುವ ಜಾಗ ಯಾವುದು ಅಂತ ಲೆಕ್ಕ ಹಾಕುವುದಕ್ಕೆ.

ಊರಿನ ಹೊತ್ತು, ನಮ್ಮ ಹೊತ್ತು

"ಒಂದೂವರಿ ಒಳಗ ಕೂತಬಿಡ್ರಿ." ಈ ಒಂದು ಮಾತಿನ ಸುತ್ತ ಬಹಳ ಯೋಚನೆ ಮಾಡಿದ್ದೇನೆ. ಹೊರಗಿನಿಂದ ಬಂದವರು ಜಾಗ ಕೇಳುತ್ತಾರೆ. ಊರಿನವರಿಗೆ ಹೊತ್ತು ಗೊತ್ತಿರುತ್ತದೆ. ಜಾಗ ಫೋನಿನಲ್ಲೂ ಸಿಗುತ್ತದೆ, ಹೊತ್ತು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ ಭಜಿ, ಗಿರ್ಮಿಟ್ ತಿನ್ನಬೇಕಾದರೆ ಸಂಜೆಗೇ ಹೋಗಬೇಕು. ಬೆಂಗಳೂರಿನ ಸಜ್ಜನರಾವ್ ಸರ್ಕಲ್ ಹತ್ತಿರದ ತಿಂಡಿ ಬೀದಿಗೆ ಬೆಳಗ್ಗೆ ಹೋದರೆ ಅಲ್ಲಿ ಏನೂ ಇಲ್ಲ, ಕತ್ತಲಾದ ಮೇಲೆ ಕಾಲಿಡಲು ಜಾಗವಿಲ್ಲ. ಮಿಲಿಟರಿ ಹೋಟೆಲುಗಳದ್ದು ಇದಕ್ಕೆ ಪೂರಾ ಉಲ್ಟಾ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ರಾತ್ರಿ ಊಟದ ಲೆಕ್ಕದ್ದಲ್ಲ, ಹಗಲಿನದು. ಮೈಸೂರಿನ ನಜರಬಾದಿನ ಮೈಲಾರಿ ದೋಸೆ, ಮಧ್ಯೆ ಸಾಗು ಇಟ್ಟು ಕೊಡುವ ಆ ಮೆತ್ತನೆ ದೋಸೆ, ಬೆಳಗಿನ ಹಸಿವಿಗೇ ಹೊಂದುವಂಥದ್ದು. ಕಾನ್ಫರೆನ್ಸ್ ಮಾತ್ರ ಎಲ್ಲ ಊರಲ್ಲೂ ಒಂಬತ್ತೂವರೆಗೆ ಶುರುವಾಗಿ ಆರಕ್ಕೆ ಮುಗಿಯುತ್ತದೆ. ಊರು ಬಿಸಿಬಿಸಿಯಾಗಿ ಉಣ್ಣುವ ಹೊತ್ತಿನಲ್ಲಿ ನಾವು ಎ.ಸಿ. ಕೋಣೆಯಲ್ಲಿ ಕೂತಿರುತ್ತೇವೆ. ನಾವು ಹೊರಗೆ ಬರುವ ಹೊತ್ತಿಗೆ ಒಲೆ ಆರಿರುತ್ತದೆ. ಹೊರಗಿನವರಿಗೆ ಪಕ್ಕಾ ಉಳಿಯುವುದು ಬೆಳಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಆರೂವರೆಯ ನಂತರ. ಅಷ್ಟೇ.

ದಿನದ ಹೊತ್ತಿನ ಹಾಗೆ ವರ್ಷದ ಹೊತ್ತೂ ಇದೆ. ಜುಲೈನಲ್ಲಿ ಮಂಗಳೂರಿಗೆ ಸೆಮಿನಾರಿಗೆ ಹೋಗುವ ಗೆಳೆಯರು ಮೀನೂಟದ ಕನಸು ಕಾಣುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಆಗ ಸಿಗುವ ತಾಜಾ ಮೀನು ಕಡಿಮೆ, ದರ ಜಾಸ್ತಿ. ಆ ಎರಡು ತಿಂಗಳಲ್ಲಿ ಅಲ್ಲಿನವರು ಕಳಲೆ, ಪತ್ರೊಡೆ, ಹಲಸಿನ ಬೀಜ ಅಂತ ಮಳೆಗಾಲದ ಅಡುಗೆಗೆ ಹೊರಳುತ್ತಾರೆ. ಕೇಳಬೇಕಾದದ್ದು ಅದನ್ನು. ಧಾರವಾಡಕ್ಕೆ ಚಳಿಗಾಲದಲ್ಲಿ ಹೋದವರು ಸೀತನಿ ಕೇಳಬೇಕು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಉದುರಿಸಿದ ಹಸಿರು ಕಾಳು ಅದು, ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ. ಬೆಂಗಳೂರಿಗೆ ಡಿಸೆಂಬರ್, ಜನವರಿಯಲ್ಲಿ ಬಂದವರಿಗೆ ಅವರೆಕಾಯಿ. ಹಿತಕಿದ ಅವರೆಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಇಷ್ಟೆಲ್ಲ ಗೊತ್ತಿದ್ದೂ ಆ ಹುಡುಗಿಗೆ ಬರೀ ಐದು ಹೋಟೆಲಿನ ಹೆಸರು ಹೇಳಿದೆನಲ್ಲ ಅಂತ ಸಂಕಟವಾಗುತ್ತದೆ.

ಹೆಸರಾಂತ ಹೋಟೆಲುಗಳಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅವುಗಳ ಮೇಲೆ ನನಗೆ ತುಂಬ ಗೌರವ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದವರು ಅವರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು, ಹೆಸರೇ ಹೇಳುವ ಹಾಗೆ ವಿದ್ಯಾರ್ಥಿಗಳಿಗಾಗಿ ಆರಂಭವಾದದ್ದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಎಷ್ಟು ಬೇಕಾದರೂ ಹಾಕುತ್ತಾರೆ. ಹೋಗಬೇಕು, ಆದರೆ ಹೊತ್ತು ನೋಡಿ ಹೋಗಬೇಕು. ಎಂಟಿಆರ್‌ಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ. ಬೆಂಗಳೂರಿನವರಿಗೆ ಇದು ಬಾಯಿಪಾಠ. ಬಾಯಿಪಾಠ ಆಗಿರುವುದರಿಂದಲೇ ಹೊರಗಿನವರಿಗೆ ಹೇಳಲು ಮರೆಯುತ್ತೇವೆ.

ನಾನು ಬರೆದ ಚೀಟಿ

ಆ ಭಾನುವಾರದ ನಂತರ ನಾನು ಒಂದು ಚೀಟಿ ಬರೆದಿಟ್ಟುಕೊಂಡೆ. ನಮ್ಮ ಕಡೆ ಕಾನ್ಫರೆನ್ಸಿಗೆ ಬರುವವರ ಬ್ಯಾಗಿನಲ್ಲಿ ಪೆನ್ನು, ನೋಟ್‌ಬುಕ್ಕಿನ ಜೊತೆ ಇಡುವುದಕ್ಕೆ. ಹೋಟೆಲಿನ ಹೆಸರಿನಿಂದ ಶುರು ಮಾಡಲಿಲ್ಲ, ಹೊತ್ತಿನಿಂದ ಶುರು ಮಾಡಿದೆ. ಬೆಳಗ್ಗೆ ಒಂದು ಗಂಟೆ ಬಿಡುವಿದ್ದರೆ ಮಲ್ಲೇಶ್ವರ ದಾಟಿ ಹೋಗಬೇಡಿ. 15ನೇ ಕ್ರಾಸಿನ ವೀಣಾ ಸ್ಟೋರ್ಸ್ ಇದೆ, 1977ರಿಂದ ಇದೆ. ಒಳಗೆ ಕೂರಲು ಜಾಗವಿಲ್ಲ. ಫುಟ್‌ಪಾತ್ ಮೇಲೆ ನಿಂತು, ಚಟ್ನಿಯಲ್ಲಿ ಮುಳುಗಿದ ಇಡ್ಲಿ ತಿನ್ನಬೇಕು. ನಿಲ್ಲಲು ಆಗದವರಿಗೆ, ವಯಸ್ಸಾದವರಿಗೆ, 8ನೇ ಕ್ರಾಸಿನ ಜನತಾ ಹೋಟೆಲ್. ಬೆಣ್ಣೆ ಮಸಾಲೆಯೇ ಬೇಕು ಅಂದರೆ 7ನೇ ಕ್ರಾಸಿನ ಸಿಟಿಆರ್, ಆದರೆ ವಾರದ ದಿನ ಬೇಗ ಹೋಗಿ, ಭಾನುವಾರ ಬೇಡ. ಮಧ್ಯಾಹ್ನ ಒಂದು ಗಂಟೆ ಮಾತ್ರ ಇದ್ದರೆ ಎಲ್ಲೂ ಹೋಗಬೇಡಿ, ಇಲ್ಲೇ ಉಂಡು ಮರದ ಕೆಳಗೆ ಕೂರಿ. ಸಂಜೆ ಮೂರು ಗಂಟೆ ಇದ್ದರೆ ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರೆ ಒಂದು ಕಡೆ ತಿಂಡಿ ಬೀದಿ, ಇನ್ನೊಂದು ಕಡೆ ಗಾಂಧಿ ಬಜಾರು, ಎರಡೂ ನಡೆಯುವಷ್ಟೇ ದೂರ. ಅದರ ಮುಂದಿನದೇ ಲಾಲ್‌ಬಾಗ್ ಸ್ಟೇಷನ್. ಆಟೋದಲ್ಲಿ ಹೋದರೆ ಮೆಜೆಸ್ಟಿಕ್ ಟ್ರಾಫಿಕ್ಕಿನಲ್ಲೇ ಸಂಜೆ ಕಳೆದು ಹೋಗುತ್ತದೆ.

ಪ್ರತಿ ಸಾಲಿನ ಮುಂದೆ ಇನ್ನೂ ಎರಡು ವಿಷಯ ಸೇರಿಸಿದೆ. ಒಬ್ಬರೇ ಹೆಂಗಸರು ರಾತ್ರಿ ಕೂತು ಉಣ್ಣಲು ನಿರಾಳವೋ ಅಲ್ಲವೋ, ಅಚ್ಚಾದ ಬಿಲ್ಲು ಕೊಡುತ್ತಾರೋ ಇಲ್ಲವೋ. ಇವನ್ನು ಯಾರನ್ನೂ ಕೇಳಿ ಬರೆದದ್ದಲ್ಲ. ಪ್ರತಿಯೊಂದು ಕಡೆಯೂ ನಾನೇ ಹೋಗಿ ಕೂತು ನೋಡಿ ಬರೆದೆ. ಒಂದೆರಡು ಕಡೆ ರಾತ್ರಿ ಎಂಟೂವರೆಗೆ ಬೇಕೆಂದೇ ಒಬ್ಬಳೇ ಹೋದೆ.

ಆ ಚೀಟಿಯ ಮೊದಲ ಪ್ರತಿಯಲ್ಲಿ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನವೂ ಇತ್ತು. 1954ರಿಂದ ಇದ್ದ ಹೋಟೆಲು. ಹೊರಗಿನವರನ್ನು ಕರೆದುಕೊಂಡು ಹೋಗಲು ನನಗೆ ಬಹಳ ಇಷ್ಟವಾದ ಜಾಗ ಅದು. ಎತ್ತರದ ಮಾಳಿಗೆ, ಮರದ ಕುರ್ಚಿ, ಅವಸರ ಮಾಡದ ಸಪ್ಲೈಯರುಗಳು. ಆರು ಜನ ಒಂದೇ ಮೇಜಿನ ಸುತ್ತ ಕೂತು, ಎದ್ದೇಳಿ ಅಂತ ಯಾರೂ ನೋಡದ ಹಾಗೆ, ಒಂದು ಗಂಟೆ ಹೊತ್ತು ಮಾತಾಡಬಹುದಿತ್ತು. 2023ರ ಡಿಸೆಂಬರಿನಲ್ಲಿ ಅದು ಮುಚ್ಚಿತು. ಕೊನೆಯ ದಿನಗಳಲ್ಲಿ ನಾನೂ ಹೋಗಿ ಕಾಫಿ ಕುಡಿದು ಬಂದೆ. ಮನೆಗೆ ಬಂದು ಚೀಟಿಯಲ್ಲಿ ಆ ಸಾಲನ್ನು ಹೊಡೆದು ಹಾಕಿದೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಇನ್ನೂ ಸಿಕ್ಕಿಲ್ಲ. ಇಡ್ಲಿ, ದೋಸೆ ಬೇಕಾದಷ್ಟು ಕಡೆ ಸಿಗುತ್ತವೆ. ದೂರದಿಂದ ಬಂದ ಆರು ಜನರನ್ನು ಒಂದು ಗಂಟೆ ಹೊತ್ತು ಸುಮ್ನೆ ಕೂರಲು ಬಿಡುವ ಜಾಗ ಸಿಗುವುದಿಲ್ಲ. ದರ್ಶಿನಿಗಳು ಈ ಊರಿಗೆ ಮಾಡಿದ ಉಪಕಾರ ದೊಡ್ಡದು. ಕಡಿಮೆ ದುಡ್ಡಿಗೆ, ಶುಚಿಯಾಗಿ, ಐದು ನಿಮಿಷದಲ್ಲಿ ತಿಂಡಿ ಕೊಟ್ಟವು. ಆದರೆ ನಿಂತು ತಿಂದು ಹೊರಡುವ ಕಡೆ, ಎದುರಿನವರು ಮೊಸರಿನ ಬಟ್ಟಲು ಸರಿಸುವಷ್ಟು ಹೊತ್ತು ಯಾರೂ ಇರುವುದಿಲ್ಲ. ನಾನು ಚೀಟಿಯಲ್ಲಿ ಖಾಲಿ ಬಿಟ್ಟಿರುವುದು ಆ ಸಾಲನ್ನು.

ಹೋದ ವಾರ ಕಲಬುರಗಿಯಿಂದ ಫೋನ್ ಬಂತು. ಅದೇ ಹುಡುಗಿ. ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಡಿಸೆಂಬರಿನ ಕಾನ್ಫರೆನ್ಸಿಗೆ ತನ್ನ ಇಬ್ಬರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಬರುತ್ತಿದ್ದಾಳೆ. ಊಟದ ಮಾತು ಅವಳು ಎತ್ತಲಿಲ್ಲ, ನಾನೇ ಎತ್ತಿದೆ. ಪೋಸ್ಟರ್ ಎಷ್ಟು ಗಂಟೆಗೆ ಅಂತ ಕೇಳಿದೆ. "ಈ ಸಲ ಹತ್ತಕ್ಕೇ ಅದರಿ ಮೇಡಂ." ಹುಡುಗಿಯರು ಏನು ತಿನ್ನುತ್ತಾರೆ ಅಂತ ಕೇಳಿದೆ. "ಒಬ್ಬಾಕಿ ತತ್ತಿನೂ ತಿನ್ನಲ್ರಿ. ಇನ್ನೊಬ್ಬಾಕಿಗಿ ದೊನ್ನೆ ಬಿರಿಯಾನಿ ತಿನಬೇಕಂತ್ರಿ, ಮೊಬೈಲ್ನಾಗ ನೋಡ್ಯಾಳ." ಬಿರಿಯಾನಿಗೆ ಕೊನೆಯ ದಿನ ಮಧ್ಯಾಹ್ನ ಹೋಗೋಣ, ಎರಡು ಗಂಟೆ ಬಿಡುವಿದೆ ಅಂದೆ. ರೈಲು ಎಷ್ಟಕ್ಕೆ, ಎಲ್ಲಿ ಉಳಿಯುತ್ತೀರಿ, ಜೊತೆಗೆ ಬೇರೆ ಯಾರಾದರೂ ಇದ್ದಾರಾ, ಎಲ್ಲ ಕೇಳಿದೆ. ಅವಳು ನಗುತ್ತಾ, "ಹೋಟೆಲಿನ ಹೆಸರು ಹೇಳ್ರಿ ಸಾಕು, ನಾವು ಹೋಗಿ ಬರ್ತೀವಿ" ಅಂದಳು.

ಬೇಡ, ನಿಮ್ಮ ಗೆಸ್ಟ್ ಹೌಸಿನ ಗೇಟಿನ ಹತ್ತಿರ ಏಳಕ್ಕೆ ನಾನೇ ನಿಂತಿರುತ್ತೇನೆ ಅಂದೆ.